ಪ್ರಶಸ್ತಿ ಬಂದ ಕಾರು, ಕೊಬ್ಬರಿ ದುಡ್ಡಿನ ಲೆಕ್ಕ

ಕೊಬ್ಬರಿಗೆ ರೇಟು ಬಂತು ಅಂದರೆ ನಮ್ಮ ಕಡೆ ಮೂರು ಮಾತು ಶುರುವಾಗುತ್ತವೆ. ಬೋರ್‌ವೆಲ್‌ಗೆ ಹೊಸ ಮೋಟಾರು, ಮನೆ ಮೇಲೊಂದು ಮಹಡಿ, ಬಾಗಿಲಿಗೊಂದು ಕಾರು. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 25 ಸಾವಿರ ದಾಟಿದಾಗ ಹಂದನಕೆರೆ ಹೋಬಳಿಯ ಹಳ್ಳಿಹಳ್ಳಿಯಲ್ಲೂ ಮೂರನೇ ಮಾತೇ ಜೋರಾಗಿತ್ತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಬೇರೆ ಇಳಿಯಿತು. ನಾಲ್ಕು ಮೀಟರ್‌ ಉದ್ದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಶೇ 28 ತೆರಿಗೆ, ಮೇಲೊಂದಿಷ್ಟು ಸೆಸ್ಸು ಇದ್ದದ್ದು ಶೇ 18ಕ್ಕೆ ಬಂತು. ಕೊಬ್ಬರಿ ಮೇಲೆ, ಕಾರು ಕೆಳಗೆ. ಇಂಥ ಯೋಗ ಮತ್ತೆ ಯಾವಾಗ ಬರುತ್ತೋ ಅಂತ ನಮ್ಮನೆಯಲ್ಲೂ ಲೆಕ್ಕ ಶುರುವಾಯಿತು.

ನಮಗೆ ಕಾರು ಶೋಕಿಗೆ ಬೇಕಿರಲಿಲ್ಲ. ಅತ್ತೆಗೆ ಬಿಪಿ, ಮಾವನಿಗೆ ಎರಡು ವರ್ಷದ ಹಿಂದೆ ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರೆ. ರಾತ್ರಿ ಹೊತ್ತು ಎದೆ ಹಿಡಿದುಕೊಂಡರೆ ತಿಪಟೂರಿಗೋ ತುಮಕೂರಿಗೋ ಓಡಬೇಕು. ಆಗ ಊರಲ್ಲಿ ಯಾರ ಗಾಡಿ ಇದೆ ಅಂತ ಫೋನ್ ಮಾಡುತ್ತಾ ಕೂರುವುದು ಎಂಥ ಕಷ್ಟ ಅಂತ ಹಳ್ಳಿಯಲ್ಲಿ ಸಂಸಾರ ಮಾಡಿದವರಿಗೆ ಗೊತ್ತು.

ಮೈದುನನ ಮಗ ಬೆಂಗಳೂರಿನಲ್ಲಿ ಓದುತ್ತಾನೆ. ರಜೆಗೆ ಬಂದವನು ಮೊಬೈಲ್ ಹಿಡಿದು, “ದೊಡ್ಡಮ್ಮ, ತಲೆ ಕೆಡಿಸ್ಕೋಬೇಡಿ, ಕಾರ್ ಆಫ್ ದಿ ಇಯರ್ ಪ್ರಶಸ್ತಿ ಬಂದಿರೋದನ್ನ ತಗೊಂಡ್ರೆ ಆಯ್ತು” ಅಂದ. ಜಗಲಿ ಮೇಲೆ ಕೂತಿದ್ದ ಮಾವ ಕೇಳಿಸಿಕೊಂಡು, “ಸಿದ್ಧಗಂಗೆ ದನಗಳ ಪರಿಸೇಲೂ ರಾಸುಗಳಿಗೆ ಬಹುಮಾನ ಕೊಡ್ತಾರೆ ಕಣ್ಲಾ. ಬಹುಮಾನದ ಜೋಡಿ ನೋಡಕ್ಕೆ ಚೆಂದಾಗೇ ಇರ್ತವೆ. ಗೇಯ್ತವೋ ಇಲ್ವೋ ಅನ್ನೋದು ನೊಗಕ್ಕೆ ಕಟ್ಟಿದ್ ಮ್ಯಾಲೆ ಗೊತ್ತಾಗೋದು” ಅಂದರು. ಹುಡುಗ ನಕ್ಕ. ನನಗೆ ಮಾತ್ರ ಆ ಮಾತು ತಲೆಯಲ್ಲಿ ಕೂತಿತು. ಪ್ರಶಸ್ತಿ ಪಟ್ಟಿ ತೆಗೆದು ನೋಡೋಣ ಅಂತ ಕೂತೆ.

ನಮ್ಮ ದೇಶದಲ್ಲಿ ಹೆಸರುವಾಸಿಯಾದದ್ದು ‘ಇಂಡಿಯನ್ ಕಾರ್ ಆಫ್ ದಿ ಇಯರ್’. ವಾಹನಗಳ ಬಗ್ಗೆ ಬರೆಯುವ ಪತ್ರಕರ್ತರು ಸೇರಿ ಆರಿಸುತ್ತಾರೆ. 2006ರಲ್ಲಿ ಮೊದಲ ಪ್ರಶಸ್ತಿ ಮಾರುತಿ ಸ್ವಿಫ್ಟ್‌ಗೆ. 2008ಕ್ಕೆ ಹ್ಯುಂಡೈ ಐ10, 2010ಕ್ಕೆ ಟಾಟಾ ನ್ಯಾನೋ, 2011ಕ್ಕೆ ಫೋರ್ಡ್ ಫಿಗೋ, 2014ಕ್ಕೆ ಗ್ರ್ಯಾಂಡ್ ಐ10. ಸ್ವಿಫ್ಟ್‌ ಮತ್ತೆ 2012ರಲ್ಲೂ 2019ರಲ್ಲೂ ಗೆದ್ದಿತು. ಬಹುಪಾಲು ನಮ್ಮಂಥವರ ಕೈಗೆಟಕುವ ಕಾರುಗಳೇ. ಈಚಿನ ವರ್ಷಗಳನ್ನು ನೋಡಿ: 2022ರಲ್ಲಿ ಮಹೀಂದ್ರ ಎಕ್ಸ್‌ಯುವಿ700, 2023ರಲ್ಲಿ ಕಿಯಾ ಕ್ಯಾರೆನ್ಸ್, 2025ರಲ್ಲಿ ಥಾರ್ ರಾಕ್ಸ್. ಥಾರ್ ರಾಕ್ಸ್ ಬಿಡುಗಡೆಯಾದಾಗ ಅದರ ಆರಂಭದ ಬೆಲೆಯೇ 12.99 ಲಕ್ಷ. ನಡುವೆ 2024ರಲ್ಲಿ ಹ್ಯುಂಡೈ ಎಕ್ಸ್‌ಟರ್ ಒಂದೇ ಆರು ಲಕ್ಷದಿಂದ ಶುರುವಾದದ್ದು. ಅಂದರೆ ಬಡವರ ಕಾರು ಪ್ರಶಸ್ತಿ ಪಟ್ಟಿಯಿಂದ ಮೆಲ್ಲಗೆ ಜಾರುತ್ತಿದೆ.

ಗೆದ್ದವುಗಳ ಗತಿ ಏನಾಯಿತು ಅನ್ನುವುದು ಇನ್ನೂ ಮುಖ್ಯ. ಒಂದು ಲಕ್ಷದ ಕಾರು ಅಂತ ಜಗತ್ತೇ ತಿರುಗಿ ನೋಡಿದ ನ್ಯಾನೋ ತಯಾರಿಕೆ ಹತ್ತು ವರ್ಷ ಕಳೆಯುವಷ್ಟರಲ್ಲಿ ನಿಂತಿತು. ಫಿಗೋ ಮಾಡಿದ ಫೋರ್ಡ್ ಕಂಪನಿ 2021ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಪ್ರಶಸ್ತಿ ಕೊಟ್ಟವರ ತಪ್ಪು ಇದರಲ್ಲಿಲ್ಲ. ಅವರು ನೋಡುವುದು ಆ ವರ್ಷ ಬಂದ ಹೊಸ ಕಾರುಗಳಲ್ಲಿ ಯಾವುದು ಮೇಲು ಅಂತ. ನಾವು ನೋಡಬೇಕಾದ್ದು ಹತ್ತನೇ ವರ್ಷ ಆ ಕಾರು ನಮ್ಮ ಮನೆ ಮುಂದೆ ಹೇಗಿರುತ್ತೆ ಅಂತ.

ನನ್ನನ್ನು ನಿಜವಾಗಿ ಬೆಚ್ಚಿಸಿದ್ದು ಇನ್ನೊಂದು ವಿಷಯ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿತು. ಏರ್‌ಬ್ಯಾಗ್ ಇಲ್ಲದ ಬೇಸ್ ಮಾಡೆಲ್‌ಗಳು. ಐದಕ್ಕೂ ಬಂದದ್ದು ಸೊನ್ನೆ ಸ್ಟಾರ್. ಆ ಐದರಲ್ಲಿ ಮೂರು, ಐ10, ನ್ಯಾನೋ, ಫಿಗೋ, ವರ್ಷದ ಕಾರು ಅಂತ ಪ್ರಶಸ್ತಿ ಪಡೆದವು! ಅದೇ ವರ್ಷ ನವೆಂಬರ್‌ನಲ್ಲಿ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್‌ಗೂ ಸೊನ್ನೆಯೇ. ನಾವೆಲ್ಲ ಅಂಥ ಕಾಲದ ಕಾರುಗಳಲ್ಲಿ ಮಕ್ಕಳನ್ನು ಮುಂದಿನ ಸೀಟಲ್ಲಿ ತೊಡೆ ಮೇಲೆ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದವರು. ಕಡಿಮೆ ಬೆಲೆಗೆ ಒಳ್ಳೆ ಕಾರು ಅಂದುಕೊಂಡಿದ್ದರಲ್ಲಿ ಕಡಿಮೆಯಾಗಿದ್ದದ್ದು ಏನು ಅಂತ ಈಗ ತಿಳಿಯುತ್ತೆ.

ಈ ಒಂದು ವಿಷಯದಲ್ಲಿ ಇವತ್ತಿನ ಸಣ್ಣ ಕಾರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. 2019ರಿಂದ ಡ್ರೈವರ್‌ಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. 2022 ಶುರುವಾಗುವ ಹೊತ್ತಿಗೆ ಪಕ್ಕದ ಸೀಟಿಗೂ ಬಂತು. ಎಕ್ಸ್‌ಟರ್‌ನಲ್ಲೂ 2024ರ ಸ್ವಿಫ್ಟ್‌ನಲ್ಲೂ ಬೇಸ್ ಮಾಡೆಲ್‌ಗೇ ಆರು ಏರ್‌ಬ್ಯಾಗ್ ಕೊಟ್ಟರು. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಇದೆ. ಹಾಗಂತ ಏರ್‌ಬ್ಯಾಗ್ ಎಣಿಸಿ ಸಮಾಧಾನ ಮಾಡಿಕೊಳ್ಳಬೇಡಿ. 2023ರ ಪ್ರಶಸ್ತಿ ಗೆದ್ದ ಕ್ಯಾರೆನ್ಸ್‌ನಲ್ಲೂ ಆರು ಏರ್‌ಬ್ಯಾಗ್ ಇತ್ತು, 2022ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಸಿಕ್ಕಿದ್ದು ಮೂರೇ ಸ್ಟಾರ್. ಅದೇ 2024ರಲ್ಲಿ ಬಂದ ಹೊಸ ಡಿಜೈರ್‌ಗೆ ಐದು ಸ್ಟಾರ್ ಸಿಕ್ಕಿತು. ಏರ್‌ಬ್ಯಾಗ್ ಎಷ್ಟಿದ್ದರೂ ಬಾಡಿ ಗಟ್ಟಿ ಇರಬೇಕು. ಆದ್ದರಿಂದ ಪ್ರಶಸ್ತಿಗಿಂತ ಮೊದಲು ಸ್ಟಾರ್ ಕೇಳಿ, ಅದೂ ನೀವು ಕೊಳ್ಳುವ ಮಾಡೆಲ್‌ದೇ ಕೇಳಿ.

ಇನ್ನು ಬೆಲೆ. ಜಾಹೀರಾತಿನಲ್ಲಿ ಬರುವುದು ಬೇಸ್ ಮಾಡೆಲ್ ಬೆಲೆ, ಫೋಟೋದಲ್ಲಿ ಬರುವುದು ಟಾಪ್ ಮಾಡೆಲ್ ಕಾರು. ಎಕ್ಸ್‌ಟರ್ 2023ರಲ್ಲಿ ಬಂದಾಗ 5.99 ಲಕ್ಷದಿಂದ ಶುರುವಾಗಿ ಹತ್ತು ಲಕ್ಷದ ಹತ್ತಿರದವರೆಗೆ ಇತ್ತು. ಎರಡೂ ಒಂದೇ ಪ್ರಶಸ್ತಿಯ ಕಾರು, ನಡುವೆ ನಾಲ್ಕು ಲಕ್ಷದ ಅಂತರ. ಅದರ ಮೇಲೆ ನಮ್ಮ ಕರ್ನಾಟಕದ ರಸ್ತೆ ತೆರಿಗೆ. ಐದು ಲಕ್ಷದವರೆಗೆ ಶೇ 13, ಐದರಿಂದ ಹತ್ತು ಲಕ್ಷಕ್ಕೆ ಶೇ 14, ಹತ್ತು ದಾಟಿದರೆ ಶೇ 17. ಆರು ಲಕ್ಷದ ಕಾರಿಗೆ ತೆರಿಗೆಯೇ 84 ಸಾವಿರ, ಮೇಲೆ ಸೆಸ್ಸು. ಇನ್ಶೂರೆನ್ಸ್‌ನಲ್ಲಿ ಥರ್ಡ್ ಪಾರ್ಟಿ ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು. ಎಲ್ಲ ಸೇರಿ ಆರು ಲಕ್ಷದ ಕಾರು ನಿಮ್ಮ ಬಾಗಿಲಿಗೆ ಬರುವಾಗ ಏಳು ಲಕ್ಷ ದಾಟಿರುತ್ತೆ.

ನಮ್ಮನೆ ವಾದ ತಾರಕಕ್ಕೇರಿದ್ದು ಸಾಲದ ವಿಷಯಕ್ಕೆ. ಎಜಮಾನರು ಟಾಪ್ ಮಾಡೆಲ್‌ಗೆ ಐದು ಲಕ್ಷ ಸಾಲ ಮಾಡೋಣ ಅಂದರು. ಶೇ 9.5ರ ಬಡ್ಡಿಗೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು 10,500 ರೂಪಾಯಿ. ಏಳು ವರ್ಷಕ್ಕೆ ಎಳೆದರೆ 8,170 ಆಗುತ್ತೆ, ಹಗುರ ಕಾಣುತ್ತೆ, ಆದರೆ ಬಡ್ಡಿ 56 ಸಾವಿರ ಹೆಚ್ಚು. ನಾನು ಪೆನ್ನು ತಗೊಂಡು ರೂಪಾಯಿ ಬಿಟ್ಟು ಕೊಬ್ಬರಿಯಲ್ಲಿ ಲೆಕ್ಕ ಹಾಕಿದೆ. ಐದು ವರ್ಷದ ಕಂತಾದರೆ ವರ್ಷಕ್ಕೆ 1.26 ಲಕ್ಷ. ಕ್ವಿಂಟಲ್‌ಗೆ 25 ಸಾವಿರ ಇದ್ದರೆ ಐದು ಕ್ವಿಂಟಲ್ ಮಾರಿದರೆ ತೀರಿತು. ಆದರೆ 2023 ನೆನಪಿದೆಯಲ್ಲ? ಬೆಂಬಲ ಬೆಲೆ 11,750 ಇದ್ದಾಗ ಮಾರುಕಟ್ಟೆಯಲ್ಲಿ 8 ಸಾವಿರದ ಆಸುಪಾಸಿಗೆ ಕೇಳುತ್ತಿದ್ದರು. ನಾಫೆಡ್ ಕೇಂದ್ರದ ಮುಂದೆ ನೋಂದಣಿಗೆ ಜನ ರಾತ್ರಿಯೆಲ್ಲ ಕಾದಿದ್ದರು. ಆ ರೇಟಿಗೆ ಅದೇ ಕಂತು ಕಟ್ಟಲು ಸುಮಾರು ಹದಿನಾರು ಕ್ವಿಂಟಲ್ ಬೇಕು. ನಮ್ಮ ತೋಟದಲ್ಲಿ ವರ್ಷಕ್ಕೆ ಬರುವುದೇ ಇಪ್ಪತ್ತೈದು ಕ್ವಿಂಟಲ್. ಉಳಿದ ಒಂಬತ್ತರಲ್ಲಿ ಮಗಳ ಕಾಲೇಜು ಫೀಸು, ಮಾವನ ಮಾತ್ರೆ, ಗೊಬ್ಬರ, ಕಾಯಿ ಕೀಳುವವರ ಕೂಲಿ ಎಲ್ಲಾ ಆಗಬೇಕು!

ಕಾಯಿ ಅಟ್ಟಕ್ಕೆ ಹಾಕಿ ಗಿಟಕಾಗಲು ವರ್ಷ ಬೇಕು. ಅಷ್ಟರಲ್ಲಿ ರೇಟು ಏನಾಗಿರುತ್ತೋ ದೇವರೇ ಬಲ್ಲ. ಈ ನಡುವೆ ಬಿಳಿನೊಣ, ಕಪ್ಪುತಲೆ ಹುಳು ಬಂದರೆ ಇಳುವರಿಯೂ ನಮ್ಮ ಕೈಲಿಲ್ಲ. ಕೊಬ್ಬರಿ ಬೆಲೆ ಇಳಿಯಿತು ಅಂತ ಬ್ಯಾಂಕಿನವರು ಕಂತು ಇಳಿಸುತ್ತಾರಾ? ಅದಕ್ಕೇ ನಾನು ಮನೆಯಲ್ಲಿ ಒಂದೇ ಮಾತು ಹೇಳಿದೆ: “ಒಳ್ಳೆ ವರ್ಷದ ರೇಟಿಗೆ ಕಾರು ನೋಡಿ, ಕೆಟ್ಟ ವರ್ಷದ ರೇಟಿಗೆ ಸಾಲ ಮಾಡಿ.”

ಮೈಲೇಜ್ ಬಗ್ಗೆಯೂ ನಮ್ಮವರಿಗೆ ಭಾರಿ ಮೋಹ. ನಮ್ಮಂಥವರ ಕಾರು ವರ್ಷಕ್ಕೆ ಓಡುವುದು ಏಳು ಸಾವಿರ ಕಿಲೋಮೀಟರ್ ಇರಬಹುದು. ಲೀಟರಿಗೆ 18 ಕೊಡುವ ಕಾರಿಗೂ 22 ಕೊಡುವ ಕಾರಿಗೂ ವರ್ಷಕ್ಕೆ ಎಪ್ಪತ್ತು ಲೀಟರ್ ವ್ಯತ್ಯಾಸ, ಹೆಚ್ಚೆಂದರೆ ಏಳೆಂಟು ಸಾವಿರ ರೂಪಾಯಿ. ಇದಕ್ಕಾಗಿ ಒಂದು ಲಕ್ಷ ಹೆಚ್ಚು ಕೊಟ್ಟರೆ ಅದು ವಾಪಸ್ ಬರಲು ಹದಿಮೂರು ವರ್ಷ ಬೇಕು. ದಿನಾ ತುಮಕೂರಿಗೆ ಓಡಾಡುವವರ ಲೆಕ್ಕ ಬೇರೆ. ತಿಂಗಳಿಗೆ ಎರಡೇ ಸಲ ಹೊರಗೆ ಹೋಗುವವರಾದರೆ ಊರಿನ ಬಾಡಿಗೆ ಕಾರೇ ಲಾಭ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಯಾವ ತೀರ್ಪುಗಾರರೂ ಮಾಡದ ಪರೀಕ್ಷೆಗಳೂ ಕೆಲವಿವೆ. ತೋಟದ ದಾರಿಯ ದಿಬ್ಬಕ್ಕೆ ಕಾರಿನ ಹೊಟ್ಟೆ ತಾಗುತ್ತಾ? ಡಿಕ್ಕಿಯಲ್ಲಿ ಎರಡು ಮೂಟೆ ಕಾಯಿ ಹಿಡಿಯುತ್ತಾ? ಮಂಡಿನೋವಿನ ಅತ್ತೆ ಸೀಟಿಗೆ ಹತ್ತಿ ಇಳಿಯೋಕೆ ಆಗುತ್ತಾ? ಹುಳಿಯಾರು, ತಿಪಟೂರಿನ ಮೆಕ್ಯಾನಿಕ್‌ಗಳ ಕೈಗೆ ಆ ಎಂಜಿನ್ ಪಳಗಿದೆಯಾ, ಬಿಡಿಭಾಗ ಅವತ್ತೇ ಸಿಗುತ್ತಾ? ಕೊಬ್ಬರಿ ಅಟ್ಟ ಇರುವ ಮನೆ ಅಂದಮೇಲೆ ಇಲಿ ಹೆಗ್ಗಣ ಇದ್ದೇ ಇರುತ್ತವೆ, ಬಾನೆಟ್ ಒಳಗಿನ ವೈರು ಅವಕ್ಕೆ ಬಲು ಇಷ್ಟ. ಕಾರಿನ ತುಂಬ ಎಲೆಕ್ಟ್ರಾನಿಕ್ಸ್ ಹೆಚ್ಚಿದಷ್ಟೂ ರಿಪೇರಿಯೂ ಹೆಚ್ಚು. ತೆಂಗಿನ ಮರದಡಿ ಕಾರು ನಿಲ್ಲಿಸಬಾರದು ಅಂತ ಮಾತ್ರ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಪ್ರಶಸ್ತಿ ಬಂದ ಕಡಿಮೆ ಬೆಲೆಯ ಕಾರು ಈಗಲೂ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದಾ? ಹೌದು ಅಂತಲೇ ನನ್ನ ಅಭಿಪ್ರಾಯ. ಹತ್ತು ವರ್ಷದ ಹಿಂದಿಗಿಂತ ಹೆಚ್ಚೇ ಹೌದು, ಯಾಕೆಂದರೆ ಈಗ ಜೀವಕ್ಕೆ ಬೆಲೆ ಕೊಟ್ಟು ಮಾಡುತ್ತಿದ್ದಾರೆ. ಆದರೆ ಪ್ರಶಸ್ತಿ ಬಂದ ವರ್ಷವೇ ಓಡಿಹೋಗಿ ಕೊಳ್ಳಬೇಕಿಲ್ಲ. ಎರಡು ಮೂರು ವರ್ಷ ಹೋಗಲಿ. ಊರವರು ಓಡಿಸಲಿ, ಮೆಕ್ಯಾನಿಕ್ ಬಿಚ್ಚಿ ನೋಡಲಿ, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅದಕ್ಕೆ ಏನು ಕೇಳುತ್ತಾರೆ ಅಂತ ಗೊತ್ತಾಗಲಿ. ಆಗಲೂ ಒಳ್ಳೆಯದು ಅನ್ನಿಸಿಕೊಂಡರೆ ಅದು ಎರಡನೇ ಪ್ರಶಸ್ತಿ, ನನ್ನ ಮಟ್ಟಿಗೆ ಅದೇ ದೊಡ್ಡದು.

ನಾವು ಕೊನೆಗೆ ತಂದದ್ದು ಹಾಗೆ ಎರಡು ಮೂರು ವರ್ಷ ಹಳಗಿದ ಹೆಸರಿನ ಒಂದು ಕಾರು, ಮಧ್ಯದ ಮಾಡೆಲ್ಲು. ಮೇಲೆ ಕಿಟಕಿ ತೆರೆಯುವ ಸನ್‌ರೂಫ್ ಇಲ್ಲ ಅಂತ ಮೈದುನನ ಮಗನಿಗೆ ಬೇಜಾರು. ಸಾಲ ಮೂರು ಲಕ್ಷಕ್ಕೆ ನಿಲ್ಲಿಸಿದೆವು. ಕಂತು 6,300, ಕೊಬ್ಬರಿ ಮತ್ತೆ ಎಂಟು ಸಾವಿರಕ್ಕೆ ಬಿದ್ದರೂ ಒಂಬತ್ತೂವರೆ ಕ್ವಿಂಟಲ್‌ನಲ್ಲಿ ತೀರುತ್ತೆ, ಕಷ್ಟಪಟ್ಟಾದರೂ ಸಂಸಾರ ನಡೆಯುತ್ತೆ. ಸೀಟು ಐದು, ಮನೆಯಲ್ಲಿ ಜನ ಏಳು. “ಒತ್ತಿ ಕೂತ್ಕೊಂಡ್ರೆ ಹಿಡಿಸುತ್ತೆ” ಅನ್ನುವ ಮಾತು ನಮ್ಮಲ್ಲಿ ನಿಂತಿದೆ. ಬೆಲ್ಟಿಗೆ ಸಿಗದವರಿಗೆ ಸೀಟಿಲ್ಲ ಅಂತ ಮಾವನೇ ಕಾನೂನು ಮಾಡಿದ್ದಾರೆ. ಮೊನ್ನೆ ಮದುವೆಗೆ ಹೊರಟಾಗ ಜಾಗ ಸಾಲದೆ, ಆ ಕಾನೂನು ಮಾಡಿದವರೇ ಪಂಚೆ ಎತ್ತಿ ಕಟ್ಟಿಕೊಂಡು ಬಸ್ಸಿಗೆ ಹೋದರು.