ಮೋಟಾರುಬಂಡಿಯ ಮೇಲಣ ಹಿಮ

ಅಮೆರಿಕದ ನ್ಯೂಜೆರ್ಸಿ ಪ್ರಾಂತದಲ್ಲಿರುವ ಮಗನ ಮನೆಯಲ್ಲಿ ನಾನೊಂದು ಮಾಘಮಾಸವನ್ನು ಕಳೆದೆನು. ಒಂದು ರಾತ್ರಿ ಹಿಮವು ಸುರಿದು, ಬೆಳಗಾಗುವಷ್ಟರಲ್ಲಿ ಅಂಗಳದ ಮೋಟಾರುಬಂಡಿಯು ಬಿಳಿಯ ದಿಬ್ಬದಂತಾಗಿದ್ದಿತು. ಮಗನು ಗಾಜುಗಳನ್ನು ಶುಚಿಮಾಡಿ ಛಾವಣಿಗೆ ಕೈಹಾಕುವಾಗ, "ಹೊತ್ತಾಯಿತಪ್ಪ, ದಾರಿ ಕಂಡರೆ ಸಾಲದೆ?" ಎಂದೆನು. ಅವನು ನನ್ನ ಮಾತನ್ನು ಮೀರಲಿಲ್ಲ.

ಬಂಡಿಯೊಳಗಿನ ಕಾವಿಗೆ ಹಿಮದ ಅಡಿಯ ಪದರವು ಕರಗುವುದು; ಹೊರಗಿನ ಚಳಿಗೆ ಆ ನೀರು ಮತ್ತೆ ಹೆಪ್ಪುಗಟ್ಟಿ ಹಲಗೆಯಾಗುವುದು. ಹೆದ್ದಾರಿಯ ವೇಗದಲ್ಲಿ ಗಾಳಿಯು ಅದರಡಿ ಹೊಕ್ಕು, ಮೇಲಕ್ಕೆತ್ತಿ, ಹಿಂದಣವರತ್ತ ಎಸೆಯುವುದು. ತಟ್ಟನೆ ಬಂಡಿಯನ್ನು ನಿಲ್ಲಿಸಿದರೆ ಹಿಮವು ಮುಂದಕ್ಕೆ ಜಾರಿ ನಮ್ಮ ಗಾಜನ್ನೇ ಮುಚ್ಚುವುದು.

ಅಂದು ನಮ್ಮ ಛಾವಣಿಯಿಂದ ಹಾರಿದ ಹಲಗೆಯೊಂದು ಹಿಂದಿನ ಬಂಡಿಯ ಪಕ್ಕದಲ್ಲಿಯೇ ಬಿದ್ದು ನುಚ್ಚುನೂರಾಯಿತು. ಆ ಬಂಡಿಯು ನಮ್ಮನ್ನು ದಾಟಿ ಹೋಗುವಾಗ ಅದರೊಳಗೆ ಇಬ್ಬರು ಎಳೆಯ ಮಕ್ಕಳನ್ನು ಕಂಡೆನು. ನನ್ನ ನಾಲಗೆ ಒಣಗಿಹೋಯಿತು.

ಛಾವಣಿಯ ಹಿಮವನ್ನು ತೆಗೆಯದವನಿಗೆ ಆ ಪ್ರಾಂತದಲ್ಲಿ 25ರಿಂದ 75 ಡಾಲರುಗಳ ದಂಡವುಂಟು. ಯಾರಿಗಾದರೂ ಪೆಟ್ಟಾದರೆ ಇನ್ನೂ ಹೆಚ್ಚು. ನೆರೆಯ ಪೆನ್ಸಿಲ್ವೇನಿಯವೂ, ಹಿಮಪಾತವು ನಿಂತ 24 ಗಂಟೆಗಳೊಳಗೆ ಅದನ್ನು ತೆಗೆಯಲು ಯತ್ನಿಸಬೇಕೆಂದು 2022ರಲ್ಲಿ ಶಾಸನಮಾಡಿತು. ಆದರೆ ನನಗೆ ತಟ್ಟಿದ್ದು ದಂಡದ ಭಯವಲ್ಲ. ನಮ್ಮ ದಾರಿಯನ್ನು ಕಂಡರೆ ಸಾಲದು, ಹಿಂದೆ ಬರುವವರ ದಾರಿಯನ್ನೂ ನೆನೆಯಬೇಕು. ಮರುಸಲ ಹಿಮ ಬಿದ್ದಾಗ ಮೊದಲು ಪೊರಕೆಯನ್ನು ಹಿಡಿದವನು ನಾನೇ.