ಬೀಗರ ಊರಿಗೆ ನಡೆದು

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಕಡೆಯವರಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಶ್ರೀಶೈಲದ ಭ್ರಮರಾಂಬೆ ನಮ್ಮ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ ಮುಟ್ಟಿಸದಿದ್ದರೆ ಹೇಗೆ? ಜಮಖಂಡಿ ಸೀಮೆಯಿಂದ 400 ಕಿಲೋಮೀಟರಿಗೂ ಮಿಕ್ಕಿದ ಹಾದಿ. ನಾನು ಹೋದದ್ದು ಯಾವ ವರ್ಷವೋ, ಬಿಸಿಲು ಮಾತ್ರ ನೆನಪಿದೆ.

ರಾಯಚೂರು, ಕರ್ನೂಲು ದಾಟಿ ನಲ್ಲಮಲದ ಕಾಡು ಹೊಕ್ಕಾಗ ಎಲ್ಲರ ಮಾತೂ ಬತ್ತಿತ್ತು, ಕಾಕಾನದೊಂದು ಬಿಟ್ಟು. ಇಳಕಲ್ ಸೀರೆಯ ಗಂಟು ಅವನ ತಲೆಮೇಲೆ. ಬೆವರು ತಾಗೀತೆಂದು ಕೆಳಗೆ ಟವೆಲ್ಲಿನ ಸಿಂಬಿ, ಸುತ್ತ ಪ್ಲಾಸ್ಟಿಕ್ ಹಾಳೆ. "ನಾ ಹೊರ್ತೀನಿ ಕೊಡು ಕಾಕಾ" ಅಂದರೆ ಕೊಡುವವನಲ್ಲ. ಇನ್ನೆಷ್ಟು ದೂರ ಅಂದರೆ ಲಿಂಗಸುಗೂರಿನಿಂದಲೂ ಒಂದೇ ಉತ್ತರ: "ಇಲ್ಲೇ, ಒಂದ್ ಹರದಾರಿ."

ನಾಗಲೂಟಿಯಲ್ಲೋ, ಮುಂದೆ ಪೆದ್ದ ಚೆರುವಿನ ದಂಡೆಯಲ್ಲೋ, ಸರಿಯಾಗಿ ಹೇಳಲಾರೆ, ದಾಸೋಹದ ಟೆಂಟಿನಲ್ಲಿ ಕೂತೆವು. ಊರಿನಿಂದ ಟೆಂಪೋದಲ್ಲಿ ಬಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ನೀರು ಮಜ್ಜಿಗೆ. ಗುರುತಿಲ್ಲದ ಒಬ್ಬ ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು ಬಿಸಿ ಎಣ್ಣೆ ತಿಕ್ಕಿದ. ಅಂಗಾಲಿನ ಬೊಬ್ಬೆಗೆ ದಾರದ ಸೂಜಿ ಈ ಕಡೆಯಿಂದ ಆ ಕಡೆ ತೂರಿಸಿ, ಸೂಜಿ ತೆಗೆದು ದಾರ ಅಲ್ಲೇ ಬಿಟ್ಟ. ನೀರು ದಾರಗುಂಟ ಜಿನುಗಿ ಬೆಳಗಾಗುವಷ್ಟರಲ್ಲಿ ಬೊಬ್ಬೆ ಕೂತಿತ್ತು. ಯಾವೂರಪ್ಪಾ ನಿಂದು ಅಂತ ಕೇಳುವುದರೊಳಗೆ ಬೇರೊಬ್ಬರ ಕಾಲು ಹಿಡಿದಿದ್ದ.

ಭೀಮನ ಕೊಳ್ಳದಲ್ಲಿ ಇಳಿದಷ್ಟನ್ನೂ ಮತ್ತೆ ಏರಬೇಕು. ಮರಗಾಲು ಕಟ್ಟಿಕೊಂಡ ಹುಡುಗನೊಬ್ಬ ನಮಗಿಂತ ಮುಂದೆ ಏರುತ್ತಿದ್ದ. ಕೈಲಾಸ ಬಾಗಿಲು ಕಂಡಾಗ ಕಾಕಾ ಮತ್ತೆ "ಒಂದ್ ಹರದಾರಿ" ಅಂದ. ಆ ಸಲ ಹೆಚ್ಚುಕಡಿಮೆ ನಿಜವೇ ಇತ್ತು.

ಪಾತಾಳಗಂಗೆಯ ಮೆಟ್ಟಿಲಿಳಿದು ಮಿಂದೆವು. ಅದೂ ನಮ್ಮ ಕೃಷ್ಣೆಯೇ. ಜಮಖಂಡಿಯ ಬಾಜೂ ಹಾದು, ಆಲಮಟ್ಟಿ, ನಾರಾಯಣಪುರ ದಾಟಿ ನಮಗಿಂತ ಮೊದಲೇ ಬಂದು ಕೂತಿದ್ದಳು. "ಹೊಳಿಗಿ ಬೊಬ್ಬಿ ಏಳೂದಿಲ್ಲ ನೋಡು" ಅಂದ ಕಾಕಾ.

ಗುಡಿಯ ಪಾಳಿಯಲ್ಲಿ ಅವನಿಗೆ ಸಿಟ್ಟೇ ಬಂತು. ಹೆಣ್ಣಿನ ಕಡೆಯವರು ಬಂದರೂ ಒಂದು ತಂಬಿಗೆ ನೀರು ಕೇಳುವವರಿಲ್ಲ, ಇದೆಂಥ ಬೀಗತನ! ಸೀರೆ ಒಪ್ಪಿಸಿದ ಮೇಲೆ ಮಾತ್ರ ಬರಿದಾದ ತಲೆ ಸವರಿಕೊಳ್ಳುತ್ತ ತೆಪ್ಪಗಾದ.

ಅಷ್ಟು ದಿನ ನಡೆದ ಹಾದಿಯನ್ನು ಕ್ರೂಸರ್ ಗಾಡಿ ಒಂದು ರಾತ್ರಿಯಲ್ಲಿ ಹಿಂದೆ ಹಾಕಿತು. ನನಗದು ಸೇರಲಿಲ್ಲ. ಮಜ್ಜಿಗೆ ಕುಡಿದ ಬೇವಿನ ಮರ ಯಾವುದೆಂದು ನೋಡುವಷ್ಟರಲ್ಲಿ ಊರೇ ದಾಟಿರುತ್ತಿತ್ತು.

ಮನೆ ಮುಂದೆ ಅಜ್ಜಿ ನಮ್ಮ ಕಾಲಿಗೆ ನೀರು ಹಾಕಿದಳು. ಮಲ್ಲಯ್ಯನ ಯಾತ್ರೆ ಮುಗಿಸಿ ಬಂದ ಮೇಲಿನ ಐದೇಶಿಗೆ ಹೋಳಿಗೆ ಮಾಡಲು ಆಗಲೇ ಕಡಲೆಬೇಳೆ ಹಸನು ಮಾಡಿಟ್ಟಿದ್ದಳು. ಕಾಕಾನ ಮುಖ ನೋಡಿ ಕೇಳಿದಳು:

"ಮಗಳು ಹೆಂಗದಾಳೋ?"

"ಆರಾಮ ಅದಾಳಬೇ. ಅಳಿಯಾ ಒಂದ ಮಾತ ಆಡ್ಲಿಲ್ಲ."