ಮೂರು ಲಿಪಿಗಳ ನಾಡಿನಲ್ಲಿ ಒಂದು ಪುಸ್ತಕ

ಮಿರಜದಲ್ಲಿ ಬೆಳಗಾವಿಯ ಕಡೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಶೇಡಬಾಳ ಬರುತ್ತದೆ. ಅದರ ನಂತರ ಉಗಾರ ಖುರ್ದ. ಕೃಷ್ಣಾ ನದಿಯ ಸೇತುವೆ ದಾಟಿದರೆ ಕುಡಚಿ, ಚಿಂಚಲಿ, ರಾಯಬಾಗ, ಆಮೇಲೆ ಚಿಕ್ಕೋಡಿ ರೋಡ್. ಹೆಸರಿನಲ್ಲಿ ಚಿಕ್ಕೋಡಿ ಇದೆಯೆಂದು ನಂಬಿ ಇಲ್ಲಿ ಇಳಿದವರು ಊರು ಸೇರಲು ಮತ್ತೆ ಬಸ್ಸು ಹಿಡಿಯಬೇಕು. ಅಥಣಿಗಂತೂ ರೈಲೇ ಇಲ್ಲ. ನಿಪ್ಪಾಣಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಪೇಟೆ. ಬೆಳಗಾವಿ ಜಿಲ್ಲೆಯ ಉತ್ತರ ತುದಿಯ ಐದು ತಾಲೂಕುಗಳಿವು. ಕಾಗವಾಡ ಮೊದಲು ಅಥಣಿಯೊಳಗೆ, ನಿಪ್ಪಾಣಿ ಚಿಕ್ಕೋಡಿಯೊಳಗೆ ಇದ್ದವು. ಈಗ ಅವೂ ಬೇರೆ ತಾಲೂಕುಗಳಾಗಿವೆ.

ಈ ಭಾಗದ ಬಗ್ಗೆ ಬರೆಯುವವರು ಕಬ್ಬು, ಸಕ್ಕರೆ ಕಾರ್ಖಾನೆ, ತಂಬಾಕು, ಚಪ್ಪಲಿ ಇವುಗಳ ಬಗ್ಗೆಯೇ ಬರೆಯುತ್ತಾರೆ. ತಪ್ಪಲ್ಲ. ಉಗಾರದ ಸಕ್ಕರೆ ಕಾರ್ಖಾನೆ 1939ರಷ್ಟು ಹಳೆಯದು. ಆದರೆ ನಾನು ಹೇಳಹೊರಟಿರುವುದು ಇಲ್ಲಿಯ ಮನೆಗಳಲ್ಲಿ ಜನ ಏನು ಓದುತ್ತಾರೆ, ಹೇಗೆ ಓದುತ್ತಾರೆ ಎಂಬ ಬಗ್ಗೆ. ಮದ್ರಸದಲ್ಲಿ ಕಲಿತು, ಅನಂತರ ಬಿ.ಎ. ಮಾಡಿ, ಉರ್ದು ಶಾಲೆಯ ಮಕ್ಕಳಿಗೆ ಕನ್ನಡ ಕಲಿಸುವ ನನಗೆ ಈ ಊರುಗಳಲ್ಲಿ ಓಡಾಟ ಹೆಚ್ಚು. ಹೋದಲ್ಲೆಲ್ಲ ಚಹಾ ಬರುವುದರೊಳಗೆ ಆ ಮನೆಯ ಕಪಾಟಿನ ಮೇಲೆ ಕಣ್ಣಾಡಿಸುವುದು ನನ್ನ ಹಳೆಯ ಚಾಳಿ.

ಇಲ್ಲಿಯ ಮುಸ್ಲಿಂ ಕುಟುಂಬವೊಂದರ ದಿನಚರಿಯನ್ನು ನೋಡಿ. ಬೆಳಿಗ್ಗೆ ಮಗು ಮಕ್ತಬಿಗೆ ಹೋಗಿ ಅರಬಿ ಅಕ್ಷರ ಓದುತ್ತದೆ. ಆ ಅಕ್ಷರಗಳ ಬಂಧುವಾದ ಉರ್ದುವಿನಲ್ಲಿ ಶಾಲೆಯ ಪಾಠ. ಮನೆಯಲ್ಲಿ ದಖನಿ ಮಾತು. ಸಂತೆಗೆ ಹೋದರೆ ಮರಾಠಿ. ತಹಸೀಲ್ದಾರ್ ಕಚೇರಿಗೆ ಹೋದರೆ ಕನ್ನಡ. 1956ರ ನವೆಂಬರ್ ಒಂದರವರೆಗೆ ಇದೆಲ್ಲ ಮುಂಬಯಿ ರಾಜ್ಯವಾಗಿತ್ತು ಎಂಬುದನ್ನು ನೆನಪಿಡಬೇಕು. ಹಳೆಯ ಜಮೀನು ಕಾಗದಗಳಲ್ಲಿ ಮೋಡಿ ಲಿಪಿಯೂ ಸಿಗುತ್ತದೆ. ನಾನು ಬಲ್ಲ ಒಬ್ಬ ಹಿರಿಯರು ಅಂಗಡಿಯ ಲೆಕ್ಕವನ್ನು ಮರಾಠಿಯಲ್ಲಿ, ಮಗಳಿಗೆ ಪತ್ರವನ್ನು ಉರ್ದುವಿನಲ್ಲಿ, ಸರಕಾರಕ್ಕೆ ಅರ್ಜಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಮೂರೂ ಅಕ್ಷರ ಮುತ್ತಿನಂತಿದ್ದವು.

ಅವರ ಮೊಮ್ಮಕ್ಕಳ ಕಾಲಕ್ಕೆ ಪರಿಸ್ಥಿತಿ ಬೇರೆಯಾಗಿದೆ. ಮೂರು ಬಾವಿಗಳಿವೆ, ಆದರೆ ಒಂದರಿಂದಲೂ ಕೊಡ ತುಂಬುತ್ತಿಲ್ಲ. ಉರ್ದುವಿನಲ್ಲಿ ಪಠ್ಯಪುಸ್ತಕ ಮುಗಿಸಿದರೆ ಸಾಕು, ಮರಾಠಿಯಲ್ಲಿ ಅಂಗಡಿಯ ಫಲಕ ಓದಲು ಬಂದರೆ ಸಾಕು, ಕನ್ನಡದಲ್ಲಿ ಬಸ್ಸಿನ ಬೋರ್ಡು ತಿಳಿದರೆ ಸಾಕು. ಇನ್ನೂರು ಪುಟದ ಒಂದು ಪುಸ್ತಕವನ್ನು ಯಾವ ಭಾಷೆಯಲ್ಲಾದರೂ ಮೊದಲಿಂದ ಕೊನೆಯವರೆಗೆ ಓದಿದ ಮಕ್ಕಳು ಎಷ್ಟು? ಹತ್ತನೆಯ ತರಗತಿಯನ್ನು ಉರ್ದುವಿನಲ್ಲಿ ಒಳ್ಳೆಯ ಅಂಕಗಳೊಂದಿಗೆ ಮುಗಿಸಿದ ಹುಡುಗಿ ಕಾಲೇಜಿಗೆ ಕಾಲಿಟ್ಟ ಮೊದಲ ತಿಂಗಳಲ್ಲೇ ಕನ್ನಡದ ಟಿಪ್ಪಣಿ ಓದಲಾರದೆ ತಲೆ ತಗ್ಗಿಸಿ ಕೂರುವುದನ್ನು ನಾನು ಕಂಡಿದ್ದೇನೆ. ಎರಡನೆಯ ತಿಂಗಳಲ್ಲಿ ಆಕೆ ಮನೆಯಲ್ಲಿರುತ್ತಾಳೆ. "ಹುಡುಗಿಗೆ ಓದು ಹತ್ತಲಿಲ್ಲ" ಎಂದು ಮನೆಯವರು ಹೇಳುತ್ತಾರೆ. ಹತ್ತದೆ ಏನು? ಏಣಿಯ ನಡುವಿನ ಮೆಟ್ಟಿಲುಗಳೇ ಇರಲಿಲ್ಲವಷ್ಟೆ.

ಆದ್ದರಿಂದ ಪುಸ್ತಕದ ವಿಚಾರ ನಮ್ಮ ಪಾಲಿಗೆ ಬರೀ ಹವ್ಯಾಸವಲ್ಲ.

ಶೇಡಬಾಳದಲ್ಲಿ ರೈಲಿನಿಂದ ಇಳಿಯುವ ಎಷ್ಟು ಜನರಿಗೆ ಇದು ಮಿರ್ಜಿ ಅಣ್ಣಾರಾಯರ ಊರು ಎಂದು ಗೊತ್ತಿದೆಯೋ ನಾನರಿಯೆ. 1918ರಲ್ಲಿ ಇಲ್ಲಿ ಹುಟ್ಟಿದ ಅವರು ವೃತ್ತಿಯಿಂದ ಶಿಕ್ಷಕರು. 1945ರಲ್ಲಿ ಬಂದ 'ನಿಸರ್ಗ' ಅವರಿಗೆ ಹೆಸರು ತಂದ ಕಾದಂಬರಿ. 'ರಾಮಣ್ಣ ಮಾಸ್ತರು' ಎಂಬ ಕಾದಂಬರಿಯನ್ನೂ ಬರೆದಿದ್ದಾರೆ. ಮಾಸ್ತರಿಕೆ ಮಾಡುವ ನಮಗೆ ಹೆಸರು ಕೇಳಿದರೇ ಕುತೂಹಲ ಹುಟ್ಟುತ್ತದೆ. ಜೈನಧರ್ಮದ ಬಗ್ಗೆ ದೊಡ್ಡ ಗ್ರಂಥವೂ ಅವರದ್ದಿದೆ. 1975ರಲ್ಲಿ ತೀರಿಕೊಂಡರು.

ನಾನು ಈಗ ಎರಡನೆಯ ಸಲ ಓದುತ್ತಿರುವುದು 'ನಿಸರ್ಗ'ವನ್ನೇ. ಅದರ ಭಾಷೆ ಧಾರವಾಡದ್ದಲ್ಲ, ಮೈಸೂರಿನದ್ದಂತೂ ಅಲ್ಲ. ಕೃಷ್ಣೆಯ ದಂಡೆಯ ಜೈನ ರೈತರ ಅಂಗಳದ ಮಾತು. ಮರಾಠಿ ಬೆರೆತ, ಅರ್ಧಕ್ಕೆ ನುಂಗಿದ, ಗಟ್ಟಿ ಮಾತು. ಬೆಂಗಳೂರಿನ ಓದುಗರಿಗೆ ಒಂದೆರಡು ಕಡೆ ಎಡವಿದಂತಾಗಬಹುದು. ನಮ್ಮ ಕಡೆಯ ಮುಸ್ಲಿಂ ಹೆಂಗಸೊಬ್ಬರಿಗೆ ಅದನ್ನು ಓದಿ ಹೇಳಿ ನೋಡಿ, ಎಲ್ಲಿಯೂ ತಡವರಿಸುವುದಿಲ್ಲ. ಏಕೆಂದರೆ ಪಕ್ಕದ ಮನೆಯ ಜೈನ ಅಜ್ಜಿ ಗೋಡೆಯಾಚೆಯಿಂದ ಆಕೆಯೊಂದಿಗೆ ಮಾತನಾಡುವುದು ಇದೇ ಕನ್ನಡದಲ್ಲಿ! ಪಠ್ಯಪುಸ್ತಕದ ಕನ್ನಡಕ್ಕೆ ಹೆದರುವ ಮಕ್ಕಳು ಈ ಕನ್ನಡಕ್ಕೆ ಹೆದರುವುದಿಲ್ಲ ಎಂಬುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಚಿಕ್ಕೋಡಿಯಿಂದ ಉತ್ತರಕ್ಕೆ, ದೂಧಗಂಗೆಯ ದಂಡೆಯಲ್ಲಿರುವ ಸದಲಗಾ ಇನ್ನೊಂದು ಸೋಜಿಗ. ಪ್ರಾಕೃತ ವಿದ್ವಾಂಸ ಆ.ನೇ. ಉಪಾಧ್ಯೆ 1906ರಲ್ಲಿ ಹುಟ್ಟಿದ್ದು ಇಲ್ಲಿ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು, ಹಳೆಯ ಪ್ರಾಕೃತ ಗ್ರಂಥಗಳನ್ನು ಸಂಪಾದಿಸಿದರು, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅದೇ ಸದಲಗಾದಲ್ಲಿ 1946ರಲ್ಲಿ ಹುಟ್ಟಿ ಜೈನ ಮುನಿಯಾದ ಆಚಾರ್ಯ ವಿದ್ಯಾಸಾಗರರು 'ಮೂಕಮಾಟಿ' ಎಂಬ ಮಹಾಕಾವ್ಯ ಬರೆದದ್ದು ಹಿಂದಿಯಲ್ಲಿ. ಒಂದೇ ಊರು, ಒಬ್ಬರು ಪ್ರಾಕೃತಕ್ಕೆ, ಒಬ್ಬರು ಹಿಂದಿಗೆ. ಅಥಣಿ ಸೀಮೆಯಲ್ಲಿ ಹೊಲಿದ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಲೋಕ ಸುತ್ತುವಂತೆ, ಈ ನೆಲದ ಅಕ್ಷರವೂ ಬೇರೆ ಬೇರೆ ಹೆಸರಿನಲ್ಲಿ ಊರೂರು ಸುತ್ತಿದೆ.

ನಿಪ್ಪಾಣಿಗೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕು.

ನಿಪ್ಪಾಣಿಯ ಮರಾಠಿ ಲೇಖಕ ಮಹಾದೇವ ಮೋರೆಯವರು 2024ರಲ್ಲಿ ತೀರಿಕೊಂಡರು. ಹೊಟ್ಟೆಪಾಡಿಗೆ ಹಿಟ್ಟಿನ ಗಿರಣಿ ನಡೆಸಿದವರು. ಜೋಳ, ಗೋಧಿ ಬೀಸುತ್ತಲೇ ಕಥೆ ಕಾದಂಬರಿ ಬರೆದರು. ಬೀಡಿ ಕಾರ್ಮಿಕರು, ಡ್ರೈವರುಗಳು, ಪೇಟೆಯ ಅಂಚಿನ ಬಡವರು ಅವರ ಪಾತ್ರಗಳು. ಬರೆಯಲು ಬಿಡುವು ಬೇಕು, ಓದಲು ಬಿಡುವು ಬೇಕು ಎನ್ನುವವರಿಗೆ ನಾನು ಈ ಗಿರಣಿಯ ಕಥೆ ಹೇಳುತ್ತೇನೆ.

ಅವರು ಬರೆದ ಬೀಡಿ ಕಾರ್ಮಿಕರಂಥವರದೇ ಒಂದು ಮನೆ ನಿಪ್ಪಾಣಿಯಲ್ಲಿದೆ. ತಾಯಿ, ತಾಯಿಯ ತಂಗಿ, ಕಾಲೇಜಿನ ಮೊದಲ ವರ್ಷದ ಮಗಳು. ಮೂವರೂ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾರೆ. ಎಲೆ ಕತ್ತರಿಸುವುದು, ತಂಬಾಕು ತುಂಬುವುದು, ಸುತ್ತುವುದು, ದಾರ ಬಿಗಿಯುವುದು. ಕಣ್ಣು ಅರ್ಧ ಕೆಲಸದ ಮೇಲೆ, ಕೈ ಪೂರ್ತಿ ಕೆಲಸದ ಮೇಲೆ. ಪುಸ್ತಕ ಹಿಡಿಯಲು ಕೈ ಎಲ್ಲಿದೆ? ಆದರೆ ಕಿವಿ ಖಾಲಿ ಇದೆ.

ಹುಡುಗಿ ಗಟ್ಟಿಯಾಗಿ ಓದುತ್ತಾಳೆ. ಆ ಹೊತ್ತಿನಲ್ಲಿ ಆಕೆಯ ಪಾಲಿನ ಬೀಡಿಗಳನ್ನು ಅಮ್ಮಿ ಮತ್ತು ಖಾಲಾ ಹಂಚಿಕೊಂಡು ಕಟ್ಟುತ್ತಾರೆ. ಒಂದು ಗಂಟೆಯ ಓದಿಗೆ ಇಷ್ಟು ಬೀಡಿ ಎಂಬ ಲೆಕ್ಕ ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾನು ಹೋದ ದಿನ ಹುಡುಗಿ ಮರ್ಯಾದೆಗೆಂದು ಪುಸ್ತಕ ಮುಚ್ಚಿದಾಗ ತಾಯಿ ದಖನಿಯಲ್ಲಿ ಗದರಿದರು: "ಸರ್ ಕೂತುಕೊಳ್ಳಲಿ, ಚಹಾ ನಾನು ಇಡುತ್ತೇನೆ. ಮುಂದೇನಾಯಿತು, ಅದನ್ನು ಹೇಳು ನೀನು."

ಇದು ಹೊಸದೇನಲ್ಲ. ಕಣ್ಣೂರಿನ ಕಡೆ ಬೀಡಿ ಕಾರ್ಮಿಕರು ತಮ್ಮಲ್ಲೊಬ್ಬನನ್ನು ಪತ್ರಿಕೆ ಓದಲು ಕೂರಿಸಿ, ಅವನ ಪಾಲಿನ ಬೀಡಿಗಳನ್ನು ತಾವು ಕಟ್ಟಿಕೊಡುತ್ತಿದ್ದರು. ಇನ್ನೂ ದೂರ ಹೋದರೆ ಕ್ಯೂಬಾ ದೇಶದ ಹವಾನಾದಲ್ಲಿ 1865ರಿಂದ ಚುಟ್ಟಾ ಕಾರ್ಖಾನೆಗಳಲ್ಲಿ ಎತ್ತರದ ಪೀಠದ ಮೇಲೆ ಕುಳಿತು ಕಾದಂಬರಿ ಓದುವವರಿದ್ದರು. ಅವರಿಗೆ ಸಂಬಳ ಕೊಡುತ್ತಿದ್ದವರು ಮಾಲೀಕರಲ್ಲ, ಕಾರ್ಮಿಕರು. ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿಯೊಂದನ್ನು ಅಲ್ಲಿಯವರು ಎಷ್ಟು ಮೆಚ್ಚಿದರೆಂದರೆ ಮಾಂಟೆಕ್ರಿಸ್ಟೋ ಎಂಬ ಚುಟ್ಟಾದ ಹೆಸರು ಬಂದದ್ದೇ ಅದರಿಂದ. ನಿಪ್ಪಾಣಿಯ ಖಾಲಾಗೆ ಇದನ್ನು ಹೇಳಿದಾಗ ಆಕೆ ನಗಲಿಲ್ಲ. "ಅವರಿಗೂ ನಮ್ಮ ಹಾಗೆ ಬೆನ್ನು ನೋವು ಬರುತ್ತಿತ್ತೇನೋ" ಎಂದರು.

ಮದ್ರಸದಲ್ಲಿ ನಾವು ಶೇಖ್ ಸಅದಿಯ 'ಗುಲಿಸ್ತಾನ್' ಓದಿದ್ದೂ ಗಟ್ಟಿಯಾಗಿಯೇ. ಒಬ್ಬನ ಉಚ್ಚಾರ ತಪ್ಪಿದರೆ ಹತ್ತು ಮಂದಿ ತಿದ್ದುತ್ತಿದ್ದರು. ತುಟಿ ಅಲುಗಿಸದೆ ಓದುವುದನ್ನು ನಾನು ಕಲಿತದ್ದು ಬಿ.ಎ. ಓದುವಾಗ. ಶ್ರಾವಣದಲ್ಲಿ ಇಲ್ಲಿಯ ಮಠಗಳಲ್ಲಿ ಪುರಾಣ ಹೇಳಿಸುತ್ತಾರೆ, ಬಸದಿಗಳಲ್ಲಿ ಶಾಸ್ತ್ರ ಓದಿಸುತ್ತಾರೆ. ಕೇಳಿ ಓದುವುದು ಈ ಸೀಮೆಗೆ ರಕ್ತಗತ. ಮೂಲೆಯಲ್ಲಿ ಕುಳಿತು ಒಬ್ಬರೇ ಓದುವುದೇ ನಿಜವಾದ ಓದು ಎಂದು ನಮಗೆ ಯಾರು ಹೇಳಿಕೊಟ್ಟರೋ!

ಆ ಮನೆಯಲ್ಲಿ ಮೊದಲು ಓದಿದ್ದು ಉರ್ದುವಿನ 'ಮಿರಾತುಲ್ ಉರೂಸ್'. ಡೆಪ್ಯುಟಿ ನಝೀರ್ ಅಹ್ಮದ್ ತಮ್ಮ ಹೆಣ್ಣುಮಕ್ಕಳಿಗೆಂದು ಬರೆದು 1869ರಲ್ಲಿ ಅಚ್ಚಾದ ಕಾದಂಬರಿ. ಅಕ್ಬರಿ ಎಂಬ ಹಟಮಾರಿ ಸೊಸೆ, ಅಸ್ಗರಿ ಎಂಬ ಜಾಣೆ ಸೊಸೆ. ನನಗಂತೂ ಅಸ್ಗರಿಯ ಜಾಣತನ ಈಗೀಗ ಅತಿಯೆನಿಸುತ್ತದೆ. ಆದರೆ ನೂರೈವತ್ತು ವರ್ಷ ದಾಟಿದ ಮೇಲೂ ಅಕ್ಬರಿಯ ಜಗಳ ಬಂದಾಗ ಬೀಡಿ ಕಟ್ಟುವ ಕೈ ನಿಂತೇ ಬಿಡುತ್ತದೆ.

ಅನಂತರ ಕನ್ನಡ. ಸಾರಾ ಅಬೂಬಕ್ಕರ್‌ರ 'ಚಂದ್ರಗಿರಿಯ ತೀರದಲ್ಲಿ'. ಕಾಸರಗೋಡಿನಲ್ಲಿ ಹುಟ್ಟಿ, ಮಲಯಾಳಂ ಮನೆಮಾತಾಗಿದ್ದರೂ ಕನ್ನಡದಲ್ಲಿ ಬರೆದವರು ಅವರು. ನಾದಿರಾಳ ಕಥೆ ಮುಗಿದ ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲವಂತೆ. "ಬರೆದವರಿಗೆ ನಮ್ಮ ಓಣಿ ಹೇಗೆ ಗೊತ್ತು?" ಎಂದು ಖಾಲಾ ಕೇಳಿದರು. ಬಾನು ಮುಷ್ತಾಕ್‌ರ ಕಥೆಗಳು ಈಗ ನಡೆಯುತ್ತಿವೆ. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅನುವಾದಿಸಿದವರು ದೀಪಾ ಭಾಸ್ತಿ. ಪ್ರಶಸ್ತಿಗಿಂತ ಆ ಹುಡುಗಿಗೆ ಇಷ್ಟವಾದದ್ದು ಬೇರೊಂದು ಸಂಗತಿ. ಉರ್ದು ಮಾತನಾಡುವ ಮನೆಯ ಬಾನು ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳಲ್ಲಿ ಕನ್ನಡ ಓದು-ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. "ಸರ್, ನನಗೆ ಆರು ತಿಂಗಳಾಗಲಿಲ್ಲ ಇನ್ನೂ, ನಾಲ್ಕೇ ಆಗಿದೆ" ಎಂದಳು ಹುಡುಗಿ.

ಈ ಇಬ್ಬರು ಲೇಖಕಿಯರ ಬಗ್ಗೆ ನಮ್ಮಲ್ಲಿ ಎಲ್ಲರಿಗೂ ಒಂದೇ ಅಭಿಪ್ರಾಯವಿಲ್ಲ. ನಮ್ಮ ಮನೆಗಳ ಕಪ್ಪು ಮಾತ್ರ ಬರೆದರು ಎನ್ನುವವರಿದ್ದಾರೆ. ಅವರು ಬರೆದ ಎಲ್ಲವನ್ನೂ ನಾನೂ ಒಪ್ಪಿಲ್ಲ. ಕೆಲವು ಕಡೆ ಧರ್ಮ ಹೇಳಿದ್ದು ಬೇರೆ, ಊರಿನ ಗಂಡಸರು ಮಾಡಿದ್ದು ಬೇರೆ ಎಂಬ ಗೆರೆ ಇನ್ನಷ್ಟು ದಪ್ಪವಾಗಿ ಬೀಳಬೇಕಿತ್ತು ಅನಿಸುತ್ತದೆ. ಆದರೆ ಓದದೆ ಒಪ್ಪದವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ನಿಪ್ಪಾಣಿಯ ಆ ತಾಯಿ ಓದಿಸಿ ಕೇಳಿ, ಎರಡು ಕಡೆ ಲೇಖಕಿಯ ಮಾತಿಗೆ ತಕರಾರು ತೆಗೆದರು. ಆ ತಕರಾರಿಗೆ ಬೆಲೆಯಿದೆ.

ಪುಸ್ತಕ ಎಲ್ಲಿಂದ ತರುವುದು ಎಂಬ ಪ್ರಶ್ನೆ ಉಳಿಯಿತು. ಗಡಿಯಾಚೆ ಕೊಲ್ಹಾಪುರದ ಕರವೀರ ನಗರ ವಾಚನ ಮಂದಿರ 1850ರಷ್ಟು ಹಳೆಯದು. ಸಾತಾರಾ ಜಿಲ್ಲೆಯ ಭಿಲಾರ 2017ರಲ್ಲಿ ಪುಸ್ತಕಗಳ ಊರೆಂದು ಹೆಸರು ಪಡೆಯಿತು. ನಮ್ಮ ಕಡೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಕೆಲವು ಚೆನ್ನಾಗಿವೆ, ಮಕ್ಕಳು ತುಂಬಿರುತ್ತಾರೆ. ಕೆಲವು ಕಡೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ನಡುವೆ ಒಂದು ಕಾದಂಬರಿ ಹುಡುಕುವುದು ಕಷ್ಟ. ಉರ್ದು ಪುಸ್ತಕಗಳಂತೂ ನಾನು ನೋಡಿದವುಗಳಲ್ಲಿ ಬಹಳ ಕಡಿಮೆ. ಕೇಳಿದರೆ ತರಿಸುತ್ತಾರೆ, ಕೇಳುವವರಿಲ್ಲ. ಹೆಣ್ಣುಮಕ್ಕಳು ಅಲ್ಲಿಗೆ ಹೋಗುವ ವಾಡಿಕೆಯೂ ಬೆಳೆದಿಲ್ಲ, ಅಣ್ಣತಮ್ಮಂದಿರು ತಂದುಕೊಡಬೇಕು.

ಇದ್ದ ಪುಸ್ತಕಗಳನ್ನು ನದಿಯೂ ಬಿಟ್ಟಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟಿಗೆ ಉಕ್ಕಿ ಈ ಐದೂ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದವು. ಕುಡಚಿ ಮತ್ತು ಉಗಾರದ ನಡುವಿನ ರಸ್ತೆ ಸೇತುವೆ ನೀರಿನಡಿ ಹೋಯಿತು. ನೀರು ಇಳಿದ ಮೇಲೆ ನದಿ ದಂಡೆಯ ಒಂದು ಮನೆಯ ಮಾಳಿಗೆಯ ಮೇಲೆ ಕಾಳು, ಹಾಸಿಗೆಗಳ ಪಕ್ಕದಲ್ಲೇ ಪುಸ್ತಕಗಳನ್ನು ಒಣಹಾಕಿದ್ದು ಕಂಡೆ. ಉರ್ದು, ಕನ್ನಡ, ಮರಾಠಿ ಮೂರೂ ಇದ್ದವು. ಹಾಳೆಗಳು ಅಂಟಿಕೊಂಡಿದ್ದವು. ಮನೆಯೊಡತಿ ಒಂದೊಂದೇ ಹಾಳೆಯನ್ನು ಬೆರಳಿನಿಂದ ಬಿಡಿಸುತ್ತಿದ್ದರು. ಗೋಧಿ ಚೀಲಗಳು ಕೊಳೆತುಹೋಗಿದ್ದ ದಿನವದು.

ಅಥಣಿ ಕಡೆಗೆ ನದಿ ಬಿಟ್ಟು ದೂರ ಹೋದಷ್ಟೂ ನೆಲ ಒಣಗುತ್ತದೆ. ಅಲ್ಲಿ ಚಪ್ಪಲಿ ಹೊಲಿಯುವ ಮನೆಗಳಲ್ಲೂ ಕೈ ಬಿಡುವಿಲ್ಲ, ಕಿವಿ ಬಿಡುವಿದೆ. ಮೊಬೈಲಿನಲ್ಲಿ ಏನೋ ಮೊಳಗುತ್ತಿರುತ್ತದೆ. ಅಲ್ಲಿಯೂ ಒಬ್ಬ ಹುಡುಗನಿಗೆ 'ನಿಸರ್ಗ' ಕೊಟ್ಟು ಬರಬೇಕೆಂದಿದ್ದೇನೆ. ಗ್ರಂಥಾಲಯದ ಒಂದೇ ಪ್ರತಿ; ಸದ್ಯ ನಾನು ಓದಿ ಮುಗಿಸಬೇಕು, ಆಮೇಲೆ ಅದಕ್ಕಾಗಿ ನಿಪ್ಪಾಣಿಯವರು ಕಾಯುತ್ತಿದ್ದಾರೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಲು ಒಗ್ಗಿದ ಪುಸ್ತಕ ಯಾವುದಿದೆ? ಕನ್ನಡದ್ದಾಗಲಿ, ಉರ್ದುವಿನದ್ದಾಗಲಿ, ಬರೆದು ತಿಳಿಸಿ. ಅಚ್ಚು ದೊಡ್ಡದಿರಬೇಕು, ಅಧ್ಯಾಯಗಳು ಚಿಕ್ಕವಿರಬೇಕು. ಐನೂರು ಬೀಡಿ ಕಟ್ಟುವುದರೊಳಗೆ ಒಂದು ಅಧ್ಯಾಯ ಮುಗಿಯುವಂತಿದ್ದರೆ ಒಳ್ಳೆಯದು ಎಂದು ಖಾಲಾ ಹೇಳಿ ಕಳಿಸಿದ್ದಾರೆ.